ಗ್ರಾಹಕನನ್ನು ಆವರಿಸುವ ಮಳಿಗೆ: ಬಾಡಿಗೆಯ ಬೆರಗು ಬೇಕೆ?

ವಾಣಿಜ್ಯ ಮೇಳಗಳಲ್ಲಿ ಮಳಿಗೆಯ ಗೋಡೆಗಳಿಗೆಲ್ಲ ಎಲ್‌ಇಡಿ ಪರದೆ ಹೊದಿಸಿ, ಬಂದವರನ್ನು ಬೇರೊಂದು ಲೋಕಕ್ಕೆ ಕರೆದೊಯ್ಯುವ ಪದ್ಧತಿ ಬೆಳೆಯುತ್ತಿದೆ. ಸಣ್ಣ ತಯಾರಕರೂ ಇದಕ್ಕೆ ಹಣ ತೊಡಗಿಸಬೇಕೆ ಎಂಬುದು ವಿಚಾರಾರ್ಹ ಪ್ರಶ್ನೆ. ಉತ್ತರಕ್ಕಾಗಿ ಈ ವಿದ್ಯೆಯ ಇತಿಹಾಸವನ್ನು ನೋಡುವುದು ಉಚಿತ. ಇದು ಹೊಸದೇನಲ್ಲ.

ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರರು 1787ರಲ್ಲಿ ಪೇಟೆಂಟ್ ಪಡೆದು, 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ದುಂಡನೆಯ ಕಟ್ಟಡವೊಂದನ್ನು ತೆರೆದರು. ಒಳಗೋಡೆಯ ಸುತ್ತ ಒಂದೇ ಅಖಂಡ ಚಿತ್ರ. ಪ್ರೇಕ್ಷಕರು ಕತ್ತಲ ಹಾದಿಯಲ್ಲಿ ಸಾಗಿ ನಡುವಿನ ಕಟ್ಟೆಯನ್ನೇರಬೇಕಿತ್ತು. ಬೆಳಕು ಮೇಲಿನಿಂದ ಬೀಳುತ್ತಿತ್ತು. ಚಿತ್ರದ ಮೇಲಂಚು, ಕೆಳಅಂಚು ಎರಡೂ ಕಾಣದಂತೆ ಮರೆಗಳಿದ್ದವು. ಚೌಕಟ್ಟು ಕಾಣದಿದ್ದರೆ ಚಿತ್ರವು ಚಿತ್ರವೆನಿಸದು. ವಿದ್ಯುತ್ತಿಲ್ಲದ ಕಾಲದಲ್ಲಿ ಇಷ್ಟೇ ಬಂಡವಾಳದ ಗುಟ್ಟಿನಿಂದ ಆ ಕಟ್ಟಡ 60 ವರ್ಷಕ್ಕೂ ಮಿಗಿಲಾಗಿ ನಡೆಯಿತು.

ನಮಗೆ ಹೆಚ್ಚು ಪ್ರಸ್ತುತವಾದುದು 1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನದ ಫಿಲಿಪ್ಸ್ ಮಂಟಪ. ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಅವರೇ ಇದರ ವಾಸ್ತುಶಿಲ್ಪಿ. ಕಾಂಕ್ರೀಟಿನ ವಕ್ರ ಗೋಡೆಗಳ ವಿನ್ಯಾಸ ಬಹುಪಾಲು ಅವರ ಸಹಾಯಕ ಕ್ಸೆನಾಕಿಸ್ ಅವರದು. ಒಮ್ಮೆಗೆ ಸುಮಾರು 500 ಜನ ಒಳಹೊಗುತ್ತಿದ್ದರು. 8 ನಿಮಿಷ ಬಣ್ಣದ ಬೆಳಕು, ಗೋಡೆಯ ಮೇಲೆ ಚಿತ್ರಗಳು, 300ಕ್ಕೂ ಹೆಚ್ಚು ಧ್ವನಿವರ್ಧಕಗಳಲ್ಲಿ ಗೋಡೆಯುದ್ದಕ್ಕೂ ಹರಿದಾಡುವ ವಾರೆಸ್ ಅವರ ಸಂಗೀತ. ಬಳಿಕ ಇನ್ನೊಂದು ಬಾಗಿಲಿನಿಂದ ನಿರ್ಗಮನ. ಕಪಾಟಿನಲ್ಲಿ ಜೋಡಿಸಿಟ್ಟ ರೇಡಿಯೋಗಳಿರಲಿಲ್ಲ, ಬಲ್ಬುಗಳಿರಲಿಲ್ಲ. ಆದರೂ ಅಲ್ಲಿ ಕಂಡದ್ದು, ಕೇಳಿದ್ದು ಆ ಕಂಪನಿಯ ಕಸುಬೇ. ಬೆಳಕನ್ನೂ ಧ್ವನಿಯನ್ನೂ ಮಾರುವವರು ಬೆಳಕಿನಿಂದಲೂ ಧ್ವನಿಯಿಂದಲೂ ಜನರನ್ನು ಆವರಿಸಿದರು. 1959ರಲ್ಲಿ ಮಂಟಪವನ್ನು ಕೆಡವಲಾಯಿತು, ಹೆಸರು ಉಳಿಯಿತು.

1970ರ ಒಸಾಕಾದ ಪೆಪ್ಸಿ ಮಂಟಪದ ಕಥೆ ಬೇರೆ. ಹೊರಗೆ ಕೃತಕ ಮಂಜು, ಒಳಗೆ ಕನ್ನಡಿಯ ಗುಮ್ಮಟ, ಅದ್ಭುತವೇ ಸರಿ. ಆದರೆ ಪಾನೀಯಕ್ಕೂ ಅದಕ್ಕೂ ಏನು ಸಂಬಂಧ? ನಿರ್ವಹಣಾ ವೆಚ್ಚದ ವಿಚಾರದಲ್ಲಿ ಕಲಾವಿದರಿಗೂ ಕಂಪನಿಗೂ ಮನಸ್ತಾಪ ಉಂಟಾಗಿ ಅವರು ಬೇರ್ಪಟ್ಟರು.

ಬಾಡಿಗೆಯ ಪರದೆಯಲ್ಲಿ ಹಿಮಾಲಯ ತೋರಿಸುವ ಪಂಪ್ ತಯಾರಕರ ಮಳಿಗೆಯಿಂದ ಹೊರಟ ಗ್ರಾಹಕನಿಗೆ ನೆನಪುಳಿಯುವುದು ಹಿಮಾಲಯ. ಅದೇ ಪಂಪು ಸದ್ದಿಲ್ಲದೆ ತಿರುಗುವುದಾದರೆ ಅದಕ್ಕೊಂದು ನಿಶ್ಶಬ್ದ ಕೋಣೆ ಸಾಕು. ರೇಷ್ಮೆಯ ಹೊಳಪಿಗೆ ಕತ್ತಲು ಮತ್ತು ಓರೆಯಾಗಿ ಬೀಳುವ ಒಂದು ದೀಪ, ಮೈಸೂರಿನ ಊದುಬತ್ತಿಗೆ ಮುಚ್ಚಿದ ಬಾಗಿಲು. (ನೆರೆಯ ಮಳಿಗೆಯವರೂ ಇದಕ್ಕೆ ಕೃತಜ್ಞರಾಗಿರುವರು.)

ಪ್ಲೈವುಡ್ ಮತ್ತು ಕಪ್ಪು ಬಟ್ಟೆಯ ಇಂತಹ ಒಂದು ಕೋಣೆಯನ್ನು ಮುಂದಿನ ಮೇಳದ ಸಾಮೂಹಿಕ ಮಳಿಗೆಯಲ್ಲಿ ಸಂಸ್ಥೆಯೇ ನಿರ್ಮಿಸಿ, ಸದಸ್ಯರಿಗೆ ಸರದಿಯ ಮೇಲೆ ಒದಗಿಸಬಹುದು. ಬಟ್ಟೆ ಬೆಂಕಿನಿರೋಧಕವಾಗಿರಬೇಕು, ಬಾಗಿಲು ಎರಡಿರಬೇಕು. ಆಯೋಜಕರ ಒಪ್ಪಿಗೆಯನ್ನು ಸ್ಥಳ ಕಾಯ್ದಿರಿಸುವಾಗಲೇ ಪಡೆಯತಕ್ಕದ್ದು.