ಲಿವರ್‌ನೊಳಗೆ ಗಾಜಿನ ಗೋಲಿ

ಹಾಫ್ ಲೈಫ್ ಸೂತ್ರವನ್ನು ನಾವೆಲ್ಲ ಉರು ಹೊಡೆದವರೇ. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸಿಗೆ ಬರೆದು, ಸಂಜೆಯೊಳಗೆ ಮರೆತೂ ಆಯ್ತು. ಅದೇ ಸೂತ್ರ ಒಬ್ಬ ರೋಗಿಯ ಲಿವರ್‌ನೊಳಗೆ ಕೆಲಸ ಮಾಡುತ್ತೆ ಅಂತ ಯಾರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ ಬಿಡಿ.

ಲಿವರ್ ಕ್ಯಾನ್ಸರ್ ಗೊತ್ತಾಗುವ ಹೊತ್ತಿಗೆ ಎಷ್ಟೋ ಜನರಿಗೆ ಆಪರೇಷನ್ನಿನ ಹಂತ ದಾಟಿಹೋಗಿರುತ್ತೆ. ಹೊರಗಿನಿಂದ ರೇಡಿಯೇಷನ್ ಜಾಸ್ತಿ ಕೊಟ್ಟರೆ ಚೆನ್ನಾಗಿರುವ ಲಿವರ್ರೂ ಹಾಳಾಗುತ್ತೆ. ಇಲ್ಲಿ ದೇಹದ ಪ್ಲಂಬಿಂಗೇ ದಾರಿ ಕೊಡುತ್ತೆ. ಲಿವರ್‌ಗೆ ಸುಮಾರು ಮುಕ್ಕಾಲು ಪಾಲು ರಕ್ತ ಬರೋದು ಪೋರ್ಟಲ್ ವೇನ್‌ನಿಂದ. ಗಡ್ಡೆ ಮಾತ್ರ ಹೆಚ್ಚಾಗಿ ಹೆಪಾಟಿಕ್ ಆರ್ಟರಿಯಿಂದ ರಕ್ತ ಹೀರುತ್ತೆ. ಹಾಗಾಗಿ ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಟ್ಯೂಬ್ ತೂರಿಸಿ, ಆ ಆರ್ಟರಿಗೆ ಇಟ್ರಿಯಂ-90 ತುಂಬಿದ ಗೋಲಿಗಳನ್ನು ಬಿಟ್ಟರೆ, ಬಹುಪಾಲು ಗಡ್ಡೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಗಾಜಿನ ಗೋಲಿಯ ಅಗಲ 20ರಿಂದ 30 ಮೈಕ್ರಾನ್. ಬೀಟಾ ಕಣ ಸರಾಸರಿ 2.5 ಮಿ.ಮೀ. ಹೋಗಿ ನಿಲ್ಲುತ್ತೆ. ಹಾಫ್ ಲೈಫ್ 64 ಗಂಟೆ. 11 ದಿನದಲ್ಲಿ 94% ಕೆಲಸ ಮುಗಿಯಿತು. ಲೆಕ್ಕ ಹಾಕಿ ನೋಡಿ, ಅದೇ ಎರಡು ಮಾರ್ಕ್ಸಿನ ಪ್ರಶ್ನೆ.

ಈ ಗಾಜು ಮಾಡಿದ್ದು ಯಾರು ಅಂದ್ಕೊಂಡ್ರಿ? ಅಮೆರಿಕದ ಮಿಸೌರಿಯ ರೋಲಾದಲ್ಲಿ ಸೆರಾಮಿಕ್ ಇಂಜಿನಿಯರಿಂಗ್ ಮೇಷ್ಟ್ರಾಗಿದ್ದ ಡೆಲ್ಬರ್ಟ್ ಡೇ, ಕೊಲಂಬಿಯಾದ ಸಂಶೋಧನಾ ರಿಯಾಕ್ಟರಿನ ಗ್ಯಾರಿ ಎರ್ಹಾರ್ಟ್ ಜೊತೆ ಸೇರಿ. ಇಟ್ರಿಯಂ ಬಿಡುಬಿಡಾಗಿ ರಕ್ತಕ್ಕೆ ಸೇರಿದರೆ ಮೂಳೆಗೆ ಹೋಗಿ ಕೂರುತ್ತೆ. ಅದಕ್ಕೇ ಮಾಮೂಲಿ ಇಟ್ರಿಯಂ ಅನ್ನು ಕರಗದ ಗಾಜಿನೊಳಗೇ ಸೇರಿಸಿ ಗೋಲಿ ಮಾಡಿ, ಆಮೇಲೆ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಹೊಡೆಸಿ ವಿಕಿರಣಶೀಲ ಮಾಡಿದರು. 1999ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ನಮ್ಮ ದೇಶದಲ್ಲೂ ಬಿಎಆರ್‌ಸಿ ಇಂಥದ್ದೇ ಗಾಜಿನ ಗೋಲಿ ತಯಾರಿಸಿದೆ. ಮೂರು ದಿನಕ್ಕೆ ಅರ್ಧ ಕರಗಿಹೋಗುವ ಸರಕನ್ನು ವಿದೇಶದಿಂದ ವಿಮಾನದಲ್ಲಿ ತರಿಸೋದು ಎಷ್ಟು ಕಷ್ಟ ಅಂತ ಯೋಚಿಸಿದರೆ ಇದರ ಬೆಲೆ ತಿಳಿಯುತ್ತೆ.

ಇದು ಪವಾಡ ಅಂತ ನಾವು ಹೇಳ್ತಿಲ್ಲ. ಫ್ರಾನ್ಸಿನ ಸಾರಾ ಅನ್ನೋ ಟ್ರಯಲ್‌ನಲ್ಲಿ (2017), ಸೊರಾಫೆನಿಬ್ ಮಾತ್ರೆ ತಗೊಂಡವರಿಗಿಂತ ರೆಸಿನ್ ಗೋಲಿ ಹಾಕಿಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ. ಅಡ್ಡಪರಿಣಾಮ ಮಾತ್ರ ಕಮ್ಮಿಯಿತ್ತು. ಆದರೆ 2021ರಲ್ಲಿ ಪ್ರಕಟವಾದ ಡೋಸಿಸ್ಫಿಯರ್ ಟ್ರಯಲ್ ನೋಡಿ. 60 ರೋಗಿಗಳು, ಎರಡೂ ಗುಂಪಿಗೆ ಗಾಜಿನ ಗೋಲಿಯೇ. ಒಂದು ಗುಂಪಿಗೆ ಮಾಮೂಲಿ ಲೆಕ್ಕದ ಡೋಸ್, ಇನ್ನೊಂದಕ್ಕೆ ಗಡ್ಡೆಗೇ ಕನಿಷ್ಠ 205 ಗ್ರೇ ತಲುಪುವ ಹಾಗೆ ರೋಗಿಗೆ ತಕ್ಕ ಲೆಕ್ಕ. ಬದುಕಿದ ಅವಧಿಯ ಮೀಡಿಯನ್ 10.7 ತಿಂಗಳಿಂದ 26.6 ತಿಂಗಳಿಗೆ ಏರಿತು. ಟ್ರಯಲ್ ಚಿಕ್ಕದು, ನಿಜ. ಆದರೂ ಬದಲಾಗಿದ್ದು ಔಷಧಿ ಅಲ್ಲ, ಲೆಕ್ಕ!

ಸ್ಕ್ಯಾನ್‌ನಲ್ಲಿ ಗಡ್ಡೆಯ ಗಡಿ ಗುರುತಿಸೋದು, ರಕ್ತದ ಹರಿವಿನಲ್ಲಿ ಗೋಲಿ ಎತ್ತ ಹೋಗುತ್ತೆ ಅಂತ ಸಿಮ್ಯುಲೇಟ್ ಮಾಡೋದು, ಗಾಜಿನ ರಚನೆ: ಇದರಲ್ಲಿ ಸಿಎಸ್, ಮೆಕ್ಯಾನಿಕಲ್, ಕೆಮಿಕಲ್ ಯಾರ ಪಾಲಿಲ್ಲ ಹೇಳಿ? ನಾವು ಮಾತ್ರ ಕೋರ್ ಬ್ರಾಂಚಿಗೆ ಸ್ಕೋಪಿಲ್ಲ ಅಂತ ಕ್ಯಾಂಟೀನಲ್ಲಿ ಗೊಣಗುತ್ತಾ, ಸೀನಿಯರ್ಸ್ ಕೊಟ್ಟ ಪಾರ್ಕಿಂಗ್ ಸೆನ್ಸರ್ ಪ್ರಾಜೆಕ್ಟಿಗೇ ಹೊಸ ಕವರ್ ಹಾಕ್ತಿದ್ದೀವಿ. ಈ ಸಲ ಪ್ರಾಜೆಕ್ಟ್ ಟೈಟಲ್ ಕೊಡುವ ಮುಂಚೆ, ಹತ್ತಿರದ ಮೆಡಿಕಲ್ ಕಾಲೇಜಿನ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ನಮ್ಮನ್ನು ಒಮ್ಮೆ ಕರ್ಕೊಂಡು ಹೋಗಿ ಅಂತ ಎಚ್‌ಒಡಿ ಅವರನ್ನು ಕೇಳೋಣ. ಅರ್ಜಿ ನಾವು ಬರೀತೀವಿ, ಸಹಿ ನೀವೆಲ್ಲ ಹಾಕಿ.