ಬೇಕೆಂದೇ ಮಾಡಿದ್ದು

ಇಂಗ್ಲಿಷ್ ಪಾಠಗಳನ್ನು ಕನ್ನಡಕ್ಕೆ ತಿರುಗಿಸುವಾಗ ನಮ್ಮ ವಿದ್ಯಾರ್ಥಿವರ್ಗದಲ್ಲಿ ಬೇರೂರಿರುವ ಒಂದು ಅಭ್ಯಾಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಡೆಲಿಬರೇಟ್, ಇಂಟೆನ್ಷನಲ್, ಕ್ಯಾಲ್ಕುಲೇಟೆಡ್, ಪ್ರೀಮೆಡಿಟೇಟೆಡ್ ಎಂಬ ವಿಶೇಷಣಗಳಲ್ಲಿ ಯಾವುದು ಎದುರಾದರೂ ನಾವು 'ಉದ್ದೇಶಪೂರ್ವಕ' ಎಂದು ಬರೆದು ಮುಂದೆ ಸಾಗುತ್ತೇವೆ. ನಾಲ್ಕು ಬಾಗಿಲಿಗೂ ಒಂದೇ ಬೀಗದ ಕೈ! ಇದರಿಂದ ಅಂಕ ಹೋಗಲಿಕ್ಕಿಲ್ಲ. ಆದರೆ ಅರ್ಥ ಹೋಗುತ್ತದೆ, ಕೆಲವು ವೇಳೆ ನ್ಯಾಯವೂ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ನಾಲ್ಕೂ ಲ್ಯಾಟಿನ್ ಮೂಲದ ಪದಗಳು. ಡೆಲಿಬರೇಟ್ ಎಂಬುದರ ಹಿಂದೆ ತಕ್ಕಡಿ ಇದೆ. ಇಂಟೆನ್ಷನಲ್ ಎಂಬುದರಲ್ಲಿ ಗುರಿಯ ಕಡೆಗೆ ಚಾಚುವ ಭಾವವಿದೆ. ಕ್ಯಾಲ್ಕುಲೇಟೆಡ್ ಎಂಬುದು ಲೆಕ್ಕವಿಡಲು ಬಳಸುತ್ತಿದ್ದ ಹರಳುಕಲ್ಲಿನಿಂದ ಹುಟ್ಟಿತು. ಪ್ರೀಮೆಡಿಟೇಟೆಡ್ ಎಂದರೆ ಮುಂಚೆಯೇ ಮನಸ್ಸಿನಲ್ಲಿ ಚಿಂತಿಸಿದ್ದು. ಒಬ್ಬ ತೂಗಿ ಮಾಡಿದ, ಒಬ್ಬ ಗುರಿಯಿಟ್ಟು ಮಾಡಿದ, ಒಬ್ಬ ಲೆಕ್ಕಹಾಕಿ ಮಾಡಿದ, ಇನ್ನೊಬ್ಬ ಒಳಗೊಳಗೇ ಹೊಂಚಿ ಮಾಡಿದ. ಇವರೆಲ್ಲರೂ ಒಂದೇ ಎನ್ನಲಾದೀತೆ? ಮೊದಲನೆಯ ಪದವನ್ನು ಹೊಗಳಿಕೆಗೂ ಬಳಸುವುದುಂಟು. ಕೊನೆಯದು ಹೆಚ್ಚಾಗಿ ಅಪರಾಧದ ಜೊತೆಗೇ ಬರುತ್ತದೆ.

ಈ ವಿವೇಚನೆ ಇಂಗ್ಲಿಷಿನವರ ಸ್ವತ್ತೆಂದು ಭಾವಿಸಬೇಕಾಗಿಲ್ಲ. ನಮ್ಮ ಜಿಲ್ಲೆಯ ಆಡುಮಾತುಗಳನ್ನೇ ಕಿವಿಗೊಟ್ಟು ಕೇಳಿದರೆ ಸಾಕು. ಕೋಲಾರದ ಬೀದಿಯಲ್ಲಿ 'ಬೇಕಂತಲೇ ಮಾಡಿದ' ಎನ್ನುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ತೆಲುಗು ಮನೆಗಳಲ್ಲಿ ಅದೇ 'ಕಾವಾಲನೇ'. ಹೊಸೂರಿಗೆ ಹತ್ತಿರವಾದ ಮಾಲೂರು ಸೀಮೆಯ ತಮಿಳರಲ್ಲಿ 'ವೇಣುಮ್ನೇ'. ಮೂರು ಭಾಷೆಗಳೂ 'ಬೇಕು ಎಂದು' ಎಂಬ ಒಂದೇ ಅಚ್ಚಿನಲ್ಲಿ ಮಾತನ್ನು ಎರೆದಿವೆ. ಉರ್ದು ಆಡುವ ಗೆಳೆಯರು ಮಾತ್ರ 'ಜಾನ್ ಬೂಝ್ ಕರ್', ಅಂದರೆ ತಿಳಿದೂ ತಿಳಿದೂ, ಎನ್ನುತ್ತಾರೆ. ಮೊದಲ ಮೂರು ಮನಸ್ಸಿನ ಬಯಕೆಯನ್ನು ಹಿಡಿದರೆ, ನಾಲ್ಕನೆಯದು ಬುದ್ಧಿಯ ಅರಿವನ್ನು ಹಿಡಿದಿದೆ.

ಬಯಕೆಗೂ ಅರಿವಿಗೂ ಇರುವ ಈ ಅಂತರ ಬರಿಯ ಪದವಿನೋದವಲ್ಲ. ಕಾನೂನು ಅದನ್ನು ವರ್ಷಗಳಲ್ಲಿ ಅಳೆಯುತ್ತದೆ. 1860ರ ದಂಡ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಈ ಭೇದ ಹಾಗೆಯೇ ಉಳಿದಿದೆ. ಕೊಲೆಯೆನಿಸದ ನರಹತ್ಯೆಗೆ ಶಿಕ್ಷೆ ವಿಧಿಸುವ 105ನೆಯ ಪ್ರಕರಣದಂತೆ, ಸಾಯಿಸುವ ಉದ್ದೇಶವಿದ್ದರೆ ಆಜೀವ ಕಾರಾವಾಸದವರೆಗೂ ಶಿಕ್ಷೆಯಾಗಬಹುದು. ಉದ್ದೇಶವಿಲ್ಲದೆ, ಸಾವು ಸಂಭವಿಸಬಹುದೆಂಬ ಅರಿವು ಮಾತ್ರ ಇದ್ದರೆ ಮಿತಿ 10 ವರ್ಷ. ಅಲಕ್ಷ್ಯದಿಂದಾದ ಸಾವಿಗೆ ಮುಂದಿನ ಪ್ರಕರಣದಲ್ಲಿ ಸಾಮಾನ್ಯವಾಗಿ 5 ವರ್ಷದವರೆಗೆ. ಸತ್ತವನು ಒಬ್ಬನೇ, ಕಣ್ಣೀರೂ ಒಂದೇ. ಆದರೆ 'ಬೇಕೆಂದು', 'ತಿಳಿದೂ', 'ಎಚ್ಚರತಪ್ಪಿ' ಎಂಬ ಮಾತುಗಳ ನಡುವೆ ಒಬ್ಬನ ಬಾಳಿನ ಎಷ್ಟೋ ವರ್ಷಗಳು ತೂಗಾಡುತ್ತವೆ.

ಹೀಗಿರುವಾಗ ನಾವು ಹಾಸ್ಟೆಲಿನಲ್ಲಿ, ಆಟದ ಬಯಲಿನಲ್ಲಿ, ಬಸ್ಸಿನಲ್ಲಿ 'ಬೇಕಂತಲೇ ಮಾಡಿದ' ಎಂದು ಎಷ್ಟು ಸಲೀಸಾಗಿ ತೀರ್ಪು ಕೊಟ್ಟುಬಿಡುತ್ತೇವೆ! ಕಾಲು ತುಳಿದವನಿಗೂ ಅದೇ, ಕರೆದಾಗ ಬಾರದವನಿಗೂ ಅದೇ. ಪರರ ಮನಸ್ಸಿನೊಳಕ್ಕೆ ಹೊಕ್ಕು ನೋಡಿದವರಂತೆ ಮಾತನಾಡುತ್ತೇವೆ.

ಇನ್ನೊಂದು ಕೊರತೆಯೂ ಇದೆ. 'ಬೇಕಂತಲೇ' ಎಂಬುದನ್ನು ನಾವು ನಿಂದೆಗೆ ಮೀಸಲಾಗಿಟ್ಟಿದ್ದೇವೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಎಂ.ಎ.ಗೆ ಓದಿದ್ದು ಇಂಗ್ಲಿಷ್ ಸಾಹಿತ್ಯ. ಜೀವಮಾನವೆಲ್ಲ ಬರೆದದ್ದು ಪ್ರಧಾನವಾಗಿ ಕನ್ನಡದಲ್ಲಿ. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಇದು ಆಕಸ್ಮಿಕವಾಗಿ ಆದದ್ದೆ? ಅಲ್ಲ, ಆದರೂ ಅವರು ಬೇಕಂತಲೇ ಕನ್ನಡದಲ್ಲಿ ಬರೆದರು ಎಂದರೆ ಕಿವಿಗೆ ಆರೋಪದಂತೆ ಕೇಳಿಸುತ್ತದೆ. ಇಲ್ಲಿ 'ಸಂಕಲ್ಪಪೂರ್ವಕ' ಎನ್ನಬೇಕು. 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ತಂದದ್ದನ್ನು 'ಯೋಜಿತ' ಎನ್ನಬೇಕು. ಸಾಧಕ ಬಾಧಕಗಳನ್ನು ತೂಗಿ ಕೈಗೊಂಡ ನಿರ್ಧಾರಕ್ಕೆ 'ವಿವೇಚಿತ', ಹೊಂಚಿ ಮಾಡಿದ ಕೇಡಿಗೆ 'ಪೂರ್ವಸಂಚಿನ' ಎಂಬ ಮಾತುಗಳಿವೆ. ಭಾಷೆಯಲ್ಲಿ ಬಡತನವಿಲ್ಲ; ಹುಡುಕುವ ನಮ್ಮಲ್ಲಿ ಸೋಮಾರಿತನವಿದೆ.

ಆದಕಾರಣ ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಇಂತಹ ವಿಶೇಷಣ ಎದುರಾದಾಗ, ಮಾಡಿದವನು ಬಯಸಿದನೆ, ತಿಳಿದಿದ್ದನೆ, ತೂಗಿ ನೋಡಿದನೆ, ಹೊಂಚಿದನೆ ಎಂದು ಕೇಳಿಕೊಂಡು ಪದವನ್ನಾರಿಸೋಣ. ಅಧ್ಯಾಪಕರೂ ಉತ್ತರಪತ್ರಿಕೆಗಳಲ್ಲಿ ಈ ಒಂದನ್ನು ಕೆಂಪು ಶಾಯಿಯಿಂದ ತಿದ್ದಿದರೆ ಮಹದುಪಕಾರವಾದೀತು. ಪುಸ್ತಕದಲ್ಲಿ ಈ ಪ್ರಶ್ನೆ ಕೇಳಲು ಕಲಿತವನು ನೆರೆಯವನ ವಿಷಯದಲ್ಲಿಯೂ ಅದನ್ನು ಕೇಳಿಯಾನು. ಕೇಳಿದ ಮೇಲೆ ದೂರುವುದಕ್ಕೆ ಸ್ವಲ್ಪ ತಡೆದಾನು.