ಕೊಳ್ಳುವ ಕೈಗೂ ಬಲವುಂಟು

1824ರಲ್ಲಿ ಕಿತ್ತೂರಿನ ಮೇಲೆ ದಂಡೆತ್ತಿ ಬಂದದ್ದು ಇಂಗ್ಲೆಂಡಿನ ಅರಸನ ಸೈನ್ಯವೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಒಂದು ಕಂಪನಿಯ ಸೈನ್ಯ. ಪಾಲುದಾರರು, ಲೆಕ್ಕಪುಸ್ತಕ, ವರ್ಷಾಂತ್ಯದ ಲಾಭಾಂಶ ಎಲ್ಲವೂ ಇದ್ದ ವ್ಯಾಪಾರಿ ಸಂಸ್ಥೆಯದು. ಅಕ್ಟೋಬರ್ 23ರ ಕದನದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದರೂ ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅಸುನೀಗಿದಳು. ವ್ಯಾಪಾರದ ಶಕ್ತಿ ಎಷ್ಟು ದೂರ ಚಾಚಬಲ್ಲದೆಂಬುದನ್ನು ಈ ನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಎಂಥ ದೊಡ್ಡ ವ್ಯಾಪಾರಕ್ಕೂ ಒಂದು ಮರ್ಮಸ್ಥಾನವಿದೆ. ಕೊಳ್ಳುವವನು ಕೈ ಹಿಂತೆಗೆದರೆ ಅದು ನಿಲ್ಲುವುದಿಲ್ಲ. ಕಿತ್ತೂರಿನ ಯುದ್ಧಕ್ಕಿಂತ ಮೂವತ್ತಮೂರು ವರ್ಷ ಮೊದಲು, 1791ರಲ್ಲಿ, ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯನ್ನು ಬ್ರಿಟನ್ನಿನ ಪಾರ್ಲಿಮೆಂಟು ತಳ್ಳಿಹಾಕಿತು. ಆಗ ಅಲ್ಲಿಯ ಸಾಮಾನ್ಯ ಮನೆಗಳ ಜನ ವೆಸ್ಟ್ ಇಂಡೀಸಿನ ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿದರು. ಹಾಗೆ ಸಕ್ಕರೆ ಬಿಟ್ಟವರು ಸುಮಾರು ಮೂರು ಲಕ್ಷ ಎಂಬುದು ಅಂದಿನ ಅಂದಾಜು. ಮತದಾನದ ಹಕ್ಕೇ ಇಲ್ಲದಿದ್ದ ಗೃಹಿಣಿಯರು ಅವರಲ್ಲಿ ಮುಂಚೂಣಿಯಲ್ಲಿದ್ದರು. ಫಲ ಮರುದಿನವೇ ದೊರೆಯಲಿಲ್ಲ. ಗುಲಾಮರ ವ್ಯಾಪಾರ 1807ರಲ್ಲಿ ನಿಷೇಧವಾಯಿತು. ಗುಲಾಮಗಿರಿಯನ್ನೇ ರದ್ದುಗೊಳಿಸುವ ಕಾಯ್ದೆ ಬಂದದ್ದು 1833ರಲ್ಲಿ. ಆದರೂ ಚಹದ ಬಟ್ಟಲಿಗೂ ಗುಲಾಮನ ಬೆನ್ನಿನ ಬಾಸುಂಡೆಗೂ ನಂಟಿದೆಯೆಂಬ ಅರಿವನ್ನು ಮನೆಮನೆಗೆ ಮುಟ್ಟಿಸಿದವರು ಈ ಗಿರಾಕಿಗಳೇ.

ನಮ್ಮ ಜಿಲ್ಲೆಗೆ ಈ ಪಾಠ ಇನ್ನೂ ಹತ್ತಿರದ್ದು. ಕಿತ್ತೂರಿನ ಕದನ ನಡೆದು ಸರಿಯಾಗಿ ನೂರು ವರ್ಷಕ್ಕೆ, 1924ರ ಡಿಸೆಂಬರಿನಲ್ಲಿ, ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಸದಸ್ಯನಾಗಬಯಸುವವನು ತಿಂಗಳಿಗೆ 2,000 ಗಜ ನೂಲನ್ನು ತಾನೇ ನೂತು, ಇಲ್ಲವೇ ಬೇರೆಯವರಿಂದ ನೂಲಿಸಿ ಕೊಡಬೇಕೆಂಬ ನಿಯಮವನ್ನು ಅದು ಒಪ್ಪಿತು. ಅಧಿವೇಶನದ ಹೊಣೆ ಹೊತ್ತಿದ್ದ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರನ್ನು ನಾಡು ‘ಖಾದಿ ಭಗೀರಥ’ನೆಂದು ಕರೆಯಿತು. 1937ರಲ್ಲಿ ಗಾಂಧೀಜಿಯವರು ಆ ಹುದಲಿಗೇ ಬಂದು ತಂಗಿದ್ದರು. ಹತ್ತಿ ಬೆಳೆಯುವ ನಮ್ಮ ಎರೆಭೂಮಿಯಲ್ಲಿ ಹೀಗೆ ಹಳ್ಳಿಹಳ್ಳಿಗೆ ಚರಕ ಬಂದಿತು. ಆ ಚರಕವನ್ನು ತಿರುಗಿಸಿದ್ದು ಯಾವ ಬಂಡವಾಳಗಾರನ ಹಣವೂ ಅಲ್ಲ. ಗಿರಣಿಯ ನಯವಾದ ಬಟ್ಟೆಗಿಂತ ಒರಟಾದ, ಬೆಲೆಯೂ ಹೆಚ್ಚಾದ ಬಟ್ಟೆಯನ್ನು ಬೇಕೆಂದೇ ಕೊಂಡ ಜನರು ಅದನ್ನು ತಿರುಗಿಸಿದರು.

ಕೊಳ್ಳುವವರು ಕಟ್ಟಿದ ಉದ್ಯಮ ಕೊಳ್ಳುವವರ ಮರೆವಿನಿಂದಲೇ ಕುಸಿಯಲೂಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಪ್ರಮಾಣೀಕೃತ ರಾಷ್ಟ್ರಧ್ವಜವನ್ನು ತಯಾರಿಸಿ ದೇಶಕ್ಕೆ ಒದಗಿಸುತ್ತದೆ. ಅದರ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಕೈನೂಲಿನಿಂದ, ಕೈಮಗ್ಗದಲ್ಲಿ ಸಿದ್ಧವಾಗುತ್ತದೆ. ನೂಲುವವರಲ್ಲಿಯೂ ಹೊಲಿಯುವವರಲ್ಲಿಯೂ ಹೆಚ್ಚಿನವರು ಗ್ರಾಮೀಣ ಮಹಿಳೆಯರು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಮರುವರ್ಷ ಮನೆಮನೆಯಲ್ಲಿ ಧ್ವಜ ಹಾರಿಸುವ ಅಭಿಯಾನ ನಡೆದಾಗ ಬೆಂಗೇರಿಯ ಸಂಘ ಈ ತಿದ್ದುಪಡಿಯ ವಿರುದ್ಧ ದನಿಯೆತ್ತಿತು. ಸರ್ಕಾರದ ನಿರ್ಧಾರದ ಬಗೆಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ತಿದ್ದುಪಡಿ ಖಾದಿ ಧ್ವಜವನ್ನು ಎಲ್ಲಿಯೂ ನಿಷೇಧಿಸಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಶಾಲೆ, ಪಂಚಾಯಿತಿ, ಸಂಘ, ದೇವಾಲಯಗಳ ಅಂಗಳದಲ್ಲಿ ಯಾವ ಧ್ವಜ ಹಾರಬೇಕೆಂಬ ಆಯ್ಕೆ ಇಂದಿಗೂ ನಮ್ಮದೇ. ನಾಲ್ಕು ಕಾಸು ಉಳಿಸುವ ಭರದಲ್ಲಿ ಆ ಆಯ್ಕೆಯನ್ನು ಬಿಟ್ಟುಕೊಟ್ಟರೆ, ನಿಲ್ಲುವ ಚರಕದ ಹೊಣೆಯಲ್ಲಿ ನಮಗೂ ಪಾಲಿದೆ.

ಇಲ್ಲಿ ನಮ್ಮ ನಡತೆಯನ್ನು ನಾವೇ ಪರೀಕ್ಷಿಸಿಕೊಳ್ಳುವುದು ಒಳಿತು. ಸಂತೆಯಲ್ಲಿ ಮೆಂತ್ಯದ ಸಿವುಡು ಮಾರುವ ಅಜ್ಜಿಯೊಡನೆ ಎರಡು ರೂಪಾಯಿಗಾಗಿ ಚೌಕಾಸಿ ಮಾಡುವವರು, ಹವಾನಿಯಂತ್ರಿತ ಮಳಿಗೆಯಲ್ಲಿ ಕೇಳಿದಷ್ಟನ್ನು ತೆತ್ತು ಮರುಮಾತಿಲ್ಲದೆ ಹೊರಬರುತ್ತೇವೆ. ರಾಮದುರ್ಗ, ಸವದತ್ತಿಯ ಕಡೆ ಮದುವೆಯೆಂದರೆ ಇಳಕಲ್ಲ ಸೀರೆ ಬೇಕೇಬೇಕು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೂಡಿಸುವ ಕೊಂಡಿಯ ವಿಧಾನ ಅದರ ವೈಶಿಷ್ಟ್ಯ. ಅಂಗಡಿಯಲ್ಲಿ ಸೀರೆ ಬಿಚ್ಚಿಸಿ ನೋಡುವಾಗ “ಇದು ಕೈಮಗ್ಗದ್ದೋ, ಯಂತ್ರಮಗ್ಗದ್ದೋ? ಕೊಂಡಿ ಎಲ್ಲಿದೆ?” ಎಂದು ಕೇಳುವವರು ನಮ್ಮಲ್ಲಿ ಎಷ್ಟು ಜನ? ಹತ್ತು ಜನ ಹೀಗೆ ಕೇಳತೊಡಗಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಅಂಗಡಿಕಾರನು ಉತ್ತರವನ್ನು ಸಿದ್ಧಮಾಡಿಕೊಂಡಿರುತ್ತಾನೆ. ಇಪ್ಪತ್ತನೆಯವರ ಹೊತ್ತಿಗೆ ನಿಜವಾದ ಸೀರೆಯನ್ನೇ ತರಿಸಿರುತ್ತಾನೆ. ಪ್ರಶ್ನೆಯೂ ಒಂದು ಬೇಡಿಕೆಯೇ.

ಕೆಲವೇ ಜನರ ಹಟದ ಪ್ರಶ್ನೆ ಎಲ್ಲಿಯವರೆಗೆ ಮುಟ್ಟಬಲ್ಲದೆಂಬುದಕ್ಕೆ ಶಿಶು ಆಹಾರದ ಕಥೆ ಸಾಕ್ಷಿ. ಶುದ್ಧ ನೀರೂ ಇಲ್ಲದ ಬಡ ದೇಶಗಳಲ್ಲಿ ತಾಯಿಯ ಹಾಲಿಗೆ ಬದಲಾಗಿ ಡಬ್ಬಿಯ ಪುಡಿಯನ್ನು ಪ್ರಚಾರ ಮಾಡುತ್ತಿದ್ದುದನ್ನು ಪ್ರಶ್ನಿಸಿ, 1976ರಲ್ಲಿ ಅಮೆರಿಕದ ಅಮೂಲ್ಯ ರಕ್ತ ಸಭೆಯ ಧರ್ಮಭಗಿನಿಯರು ಬ್ರಿಸ್ಟಲ್ ಮೈಯರ್ಸ್ ಕಂಪನಿಯ ಮೇಲೆ ದಾವೆ ಹೂಡಿದರು. ಅವರು ಆ ಕಂಪನಿಯ ಸಣ್ಣ ಪಾಲುದಾರರಾಗಿದ್ದರು. 1977ರಲ್ಲಿ ನ್ಯಾಯಾಲಯ ದಾವೆಯನ್ನು ವಜಾಮಾಡಿತು. ಅವರು ಮೇಲ್ಮನವಿಗೆ ಹೋದರು. 1978ರಲ್ಲಿ ರಾಜಿಯಾಗಿ ಕಂಪನಿ ತನ್ನ ಮಾರಾಟದ ಕ್ರಮವನ್ನು ಬದಲಿಸಲು ಒಪ್ಪಿತು. 1977ರಲ್ಲಿಯೇ ನೆಸ್ಲೆ ಕಂಪನಿಯ ವಸ್ತುಗಳ ಬಹಿಷ್ಕಾರವೂ ಆರಂಭವಾಗಿ ಹಲವು ದೇಶಗಳಿಗೆ ಹರಡಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಾರಾಟಕ್ಕೆ ಅಂತಾರಾಷ್ಟ್ರೀಯ ಸಂಹಿತೆಯನ್ನು ರೂಪಿಸಿತು. ಭಾರತವು 1992ರಲ್ಲಿ ಕಾಯ್ದೆಯನ್ನೇ ತಂದು, ಶಿಶುಗಳ ಹಾಲಿನ ಪುಡಿಯ ಜಾಹೀರಾತನ್ನು ನಿಷೇಧಿಸಿತು. ಆ ಡಬ್ಬಿಯ ಮೇಲೆ ಮಗುವಿನ ಚಿತ್ರ ಇಂದು ಕಾಣಿಸದಿರುವುದಕ್ಕೆ ಇದೇ ಕಾರಣ.

ನಮ್ಮ ಕೈಯಲ್ಲಿಯೂ ಕಾಯ್ದೆಯ ಆಯುಧವಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸ್ಥಾನದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ವಸ್ತುವನ್ನು ಎಲ್ಲಿಯೇ ಕೊಂಡಿರಲಿ, ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಗ್ರಾಹಕನು ದೂರು ಕೊಡಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ; ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ತೊಂದರೆ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಒಂದೇ ಬಗೆಯ ಅನ್ಯಾಯಕ್ಕೆ ಒಳಗಾದ ಅನೇಕರು ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ದೂರಬಹುದು. ದೂರವಾಣಿ ಸಂಖ್ಯೆ 1915ಕ್ಕೆ ಕರೆಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮಾರ್ಗದರ್ಶನ ದೊರೆಯುತ್ತದೆ. ಬೀಜ ಕೊಂಡ ರೈತನೂ ಗ್ರಾಹಕನೇ, ಬಿತ್ತಿದ ಬೀಜ ಕಳಪೆಯಾದರೆ ಅವನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಸ್ಪಷ್ಟಪಡಿಸಿದೆ. ಮುಂಗಾರಿಗೆ ಮುನ್ನ ಬೀಜದ ಅಂಗಡಿಯ ಮುಂದೆ ಸಾಲು ನಿಲ್ಲುವ ನಮ್ಮ ನಾಲ್ಕೂ ತಾಲೂಕುಗಳ ರೈತರು ಇದನ್ನು ತಿಳಿದಿರಬೇಕು. ರಸೀದಿ, ಚೀಲದ ಮೇಲಿನ ಚೀಟಿ, ಒಂದು ಹಿಡಿ ಬೀಜ, ಈ ಮೂರನ್ನು ಫಸಲು ಕೈಸೇರುವವರೆಗೆ ಜೋಪಾನವಾಗಿಡಬೇಕು.

“ಇದೆಲ್ಲ ಉಳ್ಳವರ ಮಾತು. ಉದ್ರಿ ಬರೆಸಿ ಕಾಳು ಒಯ್ಯುವವನು ಅಂಗಡಿಕಾರನಿಗೆ ರಸೀದಿ ಕೇಳಲಾದೀತೆ?” ಎಂದು ಯಾರಾದರೂ ಆಕ್ಷೇಪಿಸಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಸಾಲದ ಹಂಗಿನಲ್ಲಿರುವವನ ಬಾಯಿ ಕಟ್ಟಿರುತ್ತದೆ. ತೂಕದಲ್ಲಿ ಕಡಿಮೆ ಬಂದರೂ, ಅಕ್ಕಿಯಲ್ಲಿ ಹರಳು ಸಿಕ್ಕರೂ ಅವನು ಸುಮ್ಮನೆ ಸಹಿಸುತ್ತಾನೆ; ನಾಳೆಯೂ ಅದೇ ಬಾಗಿಲಿಗೆ ಹೋಗಬೇಕಲ್ಲ! ಆದುದರಿಂದಲೇ ರೊಕ್ಕ ಎಣಿಸಿ ಕೊಟ್ಟು ಕೊಳ್ಳಬಲ್ಲವರ ಹೊಣೆ ಹೆಚ್ಚಿನದು. ಸಂಬಳದಾರರು, ಶಿಕ್ಷಕರು, ಸಂಘಸಂಸ್ಥೆಗಳವರು ತಕ್ಕಡಿಯನ್ನು ದಿಟ್ಟಿಸಿ ನೋಡಿದರೆ ಆ ತಕ್ಕಡಿ ಉದ್ರಿಯವನಿಗೂ ಸರಿಯಾಗಿ ತೂಗುತ್ತದೆ. ನಾವು ಕೇಳದೆ ಬಿಟ್ಟ ರಸೀದಿಯ ನಷ್ಟ ನಮಗೆ ನಾಲ್ಕು ರೂಪಾಯಿ ಇರಬಹುದು. ಅವನಿಗೆ ಅದು ಒಂದು ಹೊತ್ತಿನ ಊಟ. ಕೊಳ್ಳುವುದು ಬರಿಯ ಹಣಕಾಸಿನ ಕ್ರಿಯೆಯಲ್ಲ, ಅದಕ್ಕೆ ಯಾವಾಗಲೂ ನೀತಿಯ ಮುಖವೊಂದಿದೆ ಎಂದು ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು 2009ರ ತಮ್ಮ ವಿಶ್ವಪತ್ರದಲ್ಲಿ ಹೇಳಿದ್ದರ ತಾತ್ಪರ್ಯವೂ ಇದೇ.

ಬಡವರೂ ಒಗ್ಗೂಡಿದರೆ ಬಾಯಿ ಬರುತ್ತದೆ. ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ರೈತರು ಸಹಕಾರ ಸಂಘ ಕಟ್ಟಿ ಸಾಲದ ಬಿಗಿಯನ್ನು ಸಡಿಲಿಸಿಕೊಂಡರು. ಇಂದು ಊರೂರಿನಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳಿವೆ. ಉಳಿತಾಯದ ಲೆಕ್ಕ ಬರೆಯುವ ಆ ಸಭೆಗಳಲ್ಲಿಯೇ ಹತ್ತು ಮನೆಯ ಬೇಳೆ, ಎಣ್ಣೆ, ಸೋಪುಗಳನ್ನು ಒಟ್ಟಿಗೆ ಸಗಟು ದರದಲ್ಲಿ ತರಿಸುವ ಮಾತೂ ನಡೆಯಲಿ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಕರ ವಿಳಾಸ ಇವೆಯೇ ಎಂದು ಓದು ಬಲ್ಲವಳು ಓದಿ ಹೇಳಲಿ. ಒಬ್ಬಳಿಗೆ ಮೋಸವಾದರೆ ಅಂಗಡಿಯ ಮುಂದೆ ಹತ್ತು ಜನ ನಿಲ್ಲಲಿ. ಜಗಳವಾಡಬೇಕಾಗಿಲ್ಲ, ಸುಮ್ಮನೆ ನಿಂತರೂ ಸಾಕು.

ಪ್ರಾಮಾಣಿಕ ವ್ಯಾಪಾರಿ ನಮ್ಮ ಶತ್ರುವಲ್ಲ. ಸರಿಯಾಗಿ ತೂಗಿ, ನ್ಯಾಯದ ಬೆಲೆ ಹೇಳುವ ಅಂಗಡಿಕಾರನು ಮೋಸದವನ ಪೈಪೋಟಿಯಲ್ಲಿ ಸೋತು ಬಾಗಿಲು ಮುಚ್ಚದಂತೆ ಕಾಯುವವರೂ ನಾವೇ ಆಗಬೇಕು. ಅಂಥವನಲ್ಲಿಗೆ ಎರಡು ಹೆಜ್ಜೆ ಹೆಚ್ಚು ನಡೆದು ಹೋಗುವುದು, ಒಂದು ರೂಪಾಯಿ ಹೆಚ್ಚು ಕೊಡುವುದು ನಷ್ಟವಲ್ಲ. ಬರುವ ವಾರದ ಸಂತೆಗೆ ಹೊರಡುವಾಗ ಚೀಲದೊಡನೆ ಒಂದು ಪ್ರಶ್ನೆಯನ್ನೂ ಒಯ್ಯೋಣ. ಇದನ್ನು ಮಾಡಿದವರು ಯಾರು? ಅವರ ದುಡಿಮೆಗೆ ತಕ್ಕ ಕೂಲಿ ಸಂದಿದೆಯೇ? ಕೇಳುವ ಧೈರ್ಯ ಉಳ್ಳವರು ಕೇಳಲಾರದವರ ಪರವಾಗಿ ಕೇಳಲಿ.